ಷರಾ ಕಾಲಮ್ಮಿನಲ್ಲಿ ಬರೆದದ್ದು, ಬರೆಯದೆ ಉಳಿದದ್ದು: ಕೆಲಸಕ್ಕೆ ಬಾರದಿರಲು ಜನ ಕೊಡುವ ಕಾರಣಗಳು ಹೇಗೆ ಬದಲಾದವು?

ಹಳೆಯ ರೈಟರ್, ಸಿದ್ದಾಪುರ

ಎಲ್ಲರಿಗೂ ನಮಸ್ಕಾರ. ಕೊಡಗಿನ ಸಿದ್ದಾಪುರದ ಕಡೆಯ ಒಂದು ಕಾಫಿ ತೋಟದಲ್ಲಿ ನಾನು 1984ರ ಜುಲೈನಿಂದ 2018ರವರೆಗೆ ರೈಟರ್ ಆಗಿದ್ದವನು. ಕಳೆದ ತಿಂಗಳು ತೋಟದ ಹಳೆಯ ಆಫೀಸಿನ ಹೆಂಚು ಇಳಿಸಿ ಶೀಟು ಹೊದಿಸುವಾಗ ಅಲ್ಲಿದ್ದ ಮರದ ಬೀರುವನ್ನು ಅಂಗಳಕ್ಕೆ ತಂದಿಟ್ಟಿದ್ದರು. ಅದರೊಳಗಿನ ಚೆಕ್‌ರೋಲ್ ಪುಸ್ತಕಗಳು ನೀರು ಕಾಯಿಸುವ ಒಲೆಗೆ ಹೋಗುವ ಮೊದಲು, ಗೆದ್ದಲು ಮುಟ್ಟದ ಹನ್ನೊಂದನ್ನು ಕೇಳಿ ಮನೆಗೆ ತಂದುಕೊಂಡೆ. ಮೊದಲನೆಯದು 1957ರದು, ಕೊನೆಯದು 2012ರದು. ನಡುವೆ ಅನೇಕ ವರ್ಷಗಳ ಪುಸ್ತಕಗಳು ಇಲ್ಲ.

ಚೆಕ್‌ರೋಲ್ ನೋಡದವರಿಗಾಗಿ ಎರಡು ಮಾತು. ಎಡಕ್ಕೆ ಆಳಿನ ಹೆಸರು, ಮುಂದೆ ತಿಂಗಳ ದಿನಕ್ಕೊಂದರಂತೆ ಚೌಕಗಳು, ಬಲತುದಿಯಲ್ಲಿ ಎರಡು ಬೆರಳಗಲದ ‘ಷರಾ’ ಕಾಲಂ. ಬೆಳಿಗ್ಗೆ ತೂಗುಹಾಕಿದ ರೈಲು ಕಂಬಿಯ ತುಂಡಿಗೆ ಬಡಿದು ಗಂಟೆ ಮಾಡಿದ ಮೇಲೆ ಎಲ್ಲರೂ ಕಣದಲ್ಲಿ ಸಾಲಾಗಿ ನಿಲ್ಲುತ್ತಿದ್ದರು; ಬಂದವರಿಗೆ ಪೂರ್ತಿ ಗೀಟು, ಮಧ್ಯಾಹ್ನಕ್ಕೆ ಹೋಗುವವರಿಗೆ ಅರ್ಧ ಗೀಟು, ಬಾರದವರಿಗೆ ‘ಗೈ’ ಎಂಬ ಒಂದಕ್ಷರ. ಬಾರದಿರಲು ಏನು ಕಾರಣವೆಂದು ಮೇಸ್ತ್ರಿ ಹೇಳಿದ್ದನ್ನು ರೈಟರ್ ಷರಾಕ್ಕೆ ಇಳಿಸುತ್ತಿದ್ದ.

ಈ ಒಂದು ತಿಂಗಳಿಡೀ ನಾನು ಷರಾ ಕಾಲಂ ಒಂದನ್ನೇ ಓದುತ್ತಾ ಕುಳಿತೆ. 1957ರ ಪುಸ್ತಕದಲ್ಲಿ ‘ಜ್ವರ’, ‘ಊರಿಗೆ’, ‘ಸಂತೆ’, ‘ತಿಥಿ’, ‘ಓಡಿದ’ ಎಂಬ ಐದಾರು ಪದಗಳನ್ನು ಬಿಟ್ಟರೆ ಬೇರೇನೂ ಇಲ್ಲ. ಎಪ್ಪತ್ತರ ದಶಕಕ್ಕೆ ಬರುವಾಗ ‘ಜ್ವರ’ ಹೋಗಿ ‘ಮೈ ಸರಿಯಿಲ್ಲ’ ಬರುತ್ತದೆ. ನನ್ನ ಕಾಲದಲ್ಲಿ ‘ಹೆರಿಗೆ’, ‘ಮದುವೆ’, ‘ಮನೆ ಕೆಲಸ’ ಹೆಚ್ಚಿದವು. 2012ರ ಪುಸ್ತಕದಲ್ಲಿ ‘ಬ್ಯಾಂಕ್’, ‘ಸಂಘ’, ‘ಆಧಾರ್’, ‘ಆನೆ’ ಎಂದು ನಾನೇ ಬರೆದಿದ್ದೇನೆ. ಒಂದೇ ತೋಟ, ಅದೇ ಲೈನ್‌ಮನೆಗಳು (ಆಳುಗಳು ಇರುವ ತೋಟದ ಸಾಲುಮನೆಗಳು), ಬಹುಪಾಲು ಅವೇ ಕುಟುಂಬಗಳು. ಬದಲಾದದ್ದು ಜನರ ಬದುಕೋ, ಬರೆಯುವ ನಮ್ಮ ಕೈಯೋ ಎಂಬುದು ನನ್ನ ಪ್ರಶ್ನೆ. ನಿಮ್ಮ ತೋಟ, ಕಚೇರಿ, ಶಾಲೆ, ಹೋಟೆಲುಗಳಲ್ಲಿ ಕಂಡದ್ದನ್ನು ತಿಳಿಸಬೇಕೆಂದು ವಿನಂತಿ.

ಇನ್ನೊಂದು ಸಂಗತಿ ನನಗೆ ಬಿಡಿಸಲಾಗಿಲ್ಲ. ಎಪ್ಪತ್ತರ ದಶಕದ ಮೂರು ಪುಸ್ತಕಗಳಲ್ಲಿ, ಹೆಚ್ಚುಕಡಿಮೆ ಪ್ರತಿದಿನವೂ ಯಾರಾದರೂ ಒಬ್ಬ ಹೆಂಗಸಿನ ಚೌಕದಲ್ಲಿ ಗೀಟಿನ ಬದಲು ಒಂದು ಚಿಕ್ಕ ಸೊನ್ನೆಯಿದೆ. ತಿಂಗಳ ಕೊನೆಯ ಲೆಕ್ಕದಲ್ಲಿ ಅದಕ್ಕೆ ಅರ್ಧ ಸಂಬಳ ಹಿಡಿದಿದ್ದಾರೆ. ಆದರೆ ಅರ್ಧ ದಿನದ ಕೆಲಸಕ್ಕೆ ಅರ್ಧ ಗೀಟು ಬೇರೆಯೇ ಇದೆ. ನಾನು ಸೇರಿದ ಮೇಲಿನ ಪುಸ್ತಕಗಳಲ್ಲಿ ಈ ಗುರುತು ಇಲ್ಲ. ನನ್ನ ಹಿಂದಿನ ರೈಟರ್ ತೀರಿಕೊಂಡು ಬಹಳ ವರ್ಷಗಳಾದವು. ಯಾರಿಗಾದರೂ ಗೊತ್ತಿದ್ದರೆ ತಿಳಿಸಿ.

ಮೂರೆಕರೆ ಬೆಳೆಗಾರ, ಪೊನ್ನಂಪೇಟೆ

ರೈಟರ್ ಅವರೇ, ನಿಮ್ಮ ಪುಸ್ತಕಗಳು ಅಮೂಲ್ಯವಾದವು, ಯಾರಿಗೂ ಕೊಡಬೇಡಿ. ಆದರೆ ನನ್ನಂಥ ಸಣ್ಣ ಬೆಳೆಗಾರರ ಪಾಲಿಗೆ ‘ಗೈರು’ ಎಂಬ ಪದಕ್ಕೇ ಈಗ ಅರ್ಥ ಉಳಿದಿಲ್ಲ. ಲೈನ್‌ಮನೆಯಲ್ಲಿ ಇರುವವರು ಬೆಳಿಗ್ಗೆ ಕಾಣಿಸದಿದ್ದರೆ ಅದು ಗೈರು. ನನಗೆ ಲೈನೂ ಇಲ್ಲ, ಕಾಯಂ ಆಳೂ ಇಲ್ಲ. ಹಿಂದಿನ ರಾತ್ರಿ ಏಳು ಗಂಟೆಗೆ ಆಳುಗಳನ್ನು ಕರೆತರುವ ಜೀಪಿನವರಿಗೆ ಫೋನ್ ಮಾಡುತ್ತೇನೆ. ಎಂಟು ಜನ ಎಂದು ಒಪ್ಪಿಕೊಂಡಿರುತ್ತಾರೆ, ಬೆಳಿಗ್ಗೆ ಐದು ಜನ ಇಳಿಯುತ್ತಾರೆ. ಉಳಿದ ಮೂವರು ಜ್ವರ ಬಂದು ಮಲಗಿಲ್ಲ. ಪಕ್ಕದ ಊರಿನ ತೋಟದಲ್ಲಿ ಕಾಫಿ ಒತ್ತಾಗಿ ಹಣ್ಣಾಗಿದೆ, ಅಲ್ಲಿ ಕಿಲೋ ಲೆಕ್ಕದಲ್ಲಿ ಹೆಚ್ಚು ಸಿಗುತ್ತದೆ ಎಂದು ಅಲ್ಲಿಗೆ ಹೋಗಿರುತ್ತಾರೆ. ಅವರ ಲೆಕ್ಕದಲ್ಲಿ ಅವರು ಒಂದು ದಿನವೂ ಕೆಲಸ ತಪ್ಪಿಸಿಲ್ಲ. ನನ್ನ ಲೆಕ್ಕದಲ್ಲಿ ಮಾತ್ರ ಅವರು ಬಂದಿಲ್ಲ.

ಕೊಯ್ಲಿನ ಕಾಲಕ್ಕೂ ಮರಕಸಿ (ನೆರಳು ಮರದ ಕೊಂಬೆ ಕಡಿಯುವುದು), ಕಳೆ ಕೆಲಸದ ಕಾಲಕ್ಕೂ ಈ ವಿಷಯದಲ್ಲಿ ದೊಡ್ಡ ವ್ಯತ್ಯಾಸವಿದೆ. ಜನವರಿಯಿಂದ ಮಾರ್ಚಿನವರೆಗೆ ರೋಬಸ್ಟಾ ಕಾಫಿ ಕೊಯ್ಯುವಾಗ ಕಿಲೋ ಲೆಕ್ಕದ ಕೂಲಿ ಇರುವುದರಿಂದ ಸಣ್ಣಪುಟ್ಟ ಜ್ವರವಿದ್ದರೂ ಬರುತ್ತಾರೆ. ಜೂನ್, ಜುಲೈ ತಿಂಗಳಲ್ಲಿ ದಿನಗೂಲಿಗೆ ಚಿಗುರು ತೆಗೆಯಲು ಕರೆದರೆ ಮಳೆ, ಜಿಗಣೆ, ನೆಗಡಿ ಎಲ್ಲವೂ ಕಾರಣವಾಗುತ್ತವೆ. ಕಾಯಿಲೆ ತಿಂಗಳು ನೋಡಿ ಬರುತ್ತದೆ ಎಂದು ನಾನು ತಮಾಷೆ ಮಾಡುವುದುಂಟು. ಮನೆಯವಳು ಮಾತ್ರ, ಕಾಯಿಲೆ ವರ್ಷವಿಡೀ ಇರುತ್ತದೆ, ಕೊಯ್ಲಿನಲ್ಲಿ ಅವರು ಅದನ್ನು ನುಂಗಿಕೊಂಡು ಬರುತ್ತಾರೆ ಅಷ್ಟೇ ಎನ್ನುತ್ತಾಳೆ. ಅವಳ ಮಾತೇ ಸರಿಯಿರಬಹುದು.

ಅಸ್ಸಾಂ ಕಡೆಯಿಂದ ಬಂದವರ ವಿಷಯ ಬೇರೆ. ಅವರು ಒಂದು ದಿನ ತಪ್ಪಿಸುವುದಿಲ್ಲ, ಹೋದರೆ ಒಮ್ಮೆಗೇ ಎರಡು ತಿಂಗಳು ಹೋಗುತ್ತಾರೆ. ಏಪ್ರಿಲ್‌ನಲ್ಲಿ ಬಿಹು ಹಬ್ಬ ಅಥವಾ ಊರಿನ ಚುನಾವಣೆ ಬಂದರೆ ರೈಲು ಟಿಕೆಟ್ ಮೊದಲೇ ಆಗಿರುತ್ತದೆ. 2019ರಲ್ಲಿ ಪೌರತ್ವ ನೋಂದಣಿಯ ಪಟ್ಟಿಯ ಕಾಲಕ್ಕೆ ನಮ್ಮಲ್ಲಿದ್ದ ಇಬ್ಬರು ಕಾಗದಪತ್ರ ಹಿಡಿದು ಊರಿಗೆ ಹೋದವರು ತಿರುಗಿ ಬರಲಿಲ್ಲ. ನಿಮ್ಮ 1957ರ ಪುಸ್ತಕದಲ್ಲಿ ‘ಊರಿಗೆ’ ಎಂದು ಬರೆದದ್ದು ಮೈಸೂರು ಸೀಮೆಯೋ, ಮಲಬಾರೋ ಇರಬೇಕು. ಈಗ ಊರು ಮೂರು ದಿನದ ರೈಲು ದಾರಿಯಷ್ಟು ದೂರ ಸರಿದಿದೆ.

ಹಳೆಯ ರೈಟರ್, ಸಿದ್ದಾಪುರ

ನಿಜ, ಆ ‘ಊರಿಗೆ’ ಎಂಬುದರಲ್ಲಿ ಹೆಚ್ಚಿನವರು ಪಿರಿಯಾಪಟ್ಟಣ, ಹುಣಸೂರಿನ ಕಡೆಯವರು. ರಾಗಿ ಬಿತ್ತನೆಗೆ ಒಮ್ಮೆ, ಕಟಾವಿಗೆ ಒಮ್ಮೆ ಹೋಗುತ್ತಿದ್ದರು.

‘ಓಡಿದ’ ಎಂಬ ಷರಾ ಬಗ್ಗೆ ಒಬ್ಬರು ಫೋನ್ ಮಾಡಿ ಕೇಳಿದ್ದರಿಂದ ಇಲ್ಲಿಯೇ ಬರೆಯುತ್ತೇನೆ. ಮೇಸ್ತ್ರಿಗಳು ಊರೂರಿಗೆ ಹೋಗಿ ಮುಂಗಡ ಕೊಟ್ಟು ಜನರನ್ನು ಕರೆತರುತ್ತಿದ್ದ ಕಾಲದ ಪದ ಅದು. ಮುಂಗಡ ತೀರುವ ಮೊದಲು ಹೊರಟುಹೋದವನನ್ನು ಬರಲಿಲ್ಲ ಎನ್ನುತ್ತಿರಲಿಲ್ಲ, ಓಡಿದ ಎನ್ನುತ್ತಿದ್ದರು. 1859ರ ಒಂದು ಕಾಯಿದೆಯ ಪ್ರಕಾರ, ಮುಂಗಡ ಪಡೆದು ಕೆಲಸ ಬಿಟ್ಟವನ ಮೇಲೆ ಮ್ಯಾಜಿಸ್ಟ್ರೇಟರ ಮುಂದೆ ದೂರು ಕೊಟ್ಟು ಶಿಕ್ಷೆ ಕೊಡಿಸಬಹುದಿತ್ತು. ಅದನ್ನು ರದ್ದುಗೊಳಿಸುವ ಕಾನೂನು ಬಂದದ್ದು 1925ರಲ್ಲಿ. ಅಂದರೆ ಕೆಲಸಕ್ಕೆ ಬಾರದಿರುವುದು ಆ ಕಾಲದಲ್ಲಿ ಸಂಬಳದ ಪ್ರಶ್ನೆಯಾಗಿರಲಿಲ್ಲ, ಅಪರಾಧವಾಗಿತ್ತು. ಕಾಯಿದೆ ಹೋಗಿ ಮೂವತ್ತು ವರ್ಷಗಳಾದ ಮೇಲೂ, 1951ರ ಪ್ಲಾಂಟೇಷನ್ ಕಾರ್ಮಿಕ ಕಾಯಿದೆ ಬಂದ ಮೇಲೂ, ರೈಟರನ ಲೇಖನಿಯಲ್ಲಿ ಪದ ಮಾತ್ರ ಉಳಿದಿತ್ತು. 1976ರಲ್ಲಿ ಜೀತಪದ್ಧತಿ ನಿರ್ಮೂಲನ ಕಾಯಿದೆ ಬಂದ ನಂತರದ ಪುಸ್ತಕಗಳಲ್ಲಿ ಅದು ನನಗೆ ಸಿಕ್ಕಿಲ್ಲ.

ನಿವೃತ್ತ ದಾದಿ, ವಿರಾಜಪೇಟೆ

ರೈಟರ್ ಸರ್, ನಿಮ್ಮ ‘ಜ್ವರ’ ಹೋಗಿ ‘ಮೈ ಸರಿಯಿಲ್ಲ’ ಬಂದ ಬಗ್ಗೆ ನಾನು ಸ್ವಲ್ಪ ಹೇಳಬಲ್ಲೆ. 1957ರಲ್ಲಿ ನಮ್ಮ ಜಿಲ್ಲೆಯಲ್ಲಿ ಜ್ವರ ಎಂದರೆ ಬಹುಮಟ್ಟಿಗೆ ಮಲೇರಿಯಾ. ಘಟ್ಟ ಹತ್ತಿ ಬಂದವರು ನಡುಗುತ್ತಾ ಮಲಗುವುದು, ಚೇತರಿಸಿಕೊಂಡು ಎದ್ದರೆ ಊರಿಗೆ ಹೊರಡುವುದು, ಇದನ್ನು ನನ್ನ ತಾಯಿ ಹೇಳುತ್ತಿದ್ದರು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು, 1958ರಲ್ಲಿ ಅದು ನಿರ್ಮೂಲನ ಕಾರ್ಯಕ್ರಮವಾಯಿತು. ಲೈನ್‌ಮನೆಗಳ ಗೋಡೆಗೆ ಡಿಡಿಟಿ ಹೊಡೆದು, ಹೊಡೆದ ತಾರೀಕನ್ನು ಬಾಗಿಲ ಪಕ್ಕದಲ್ಲಿ ಬರೆದು ಹೋಗುತ್ತಿದ್ದರು. 1965ರ ಹೊತ್ತಿಗೆ ದೇಶದಲ್ಲಿ ಪ್ರಕರಣಗಳು ಸುಮಾರು 1 ಲಕ್ಷಕ್ಕೆ ಇಳಿದಿದ್ದವು. 1976ರಲ್ಲಿ ಮತ್ತೆ 64 ಲಕ್ಷ ದಾಟಿದವು ಎಂಬುದೂ ನಿಜ. ಆದರೂ ಪುಟದ ಅರ್ಧ ಹೆಸರುಗಳ ಮುಂದೆ ‘ಜ್ವರ’ ಎಂದು ಬರೆಯುವ ದಿನಗಳು ನಮ್ಮಲ್ಲಿ ಮರಳಿ ಬರಲಿಲ್ಲ.

ಇನ್ನು ‘ಮೈ ಸರಿಯಿಲ್ಲ’. ಅದು ಕಾಯಿಲೆಯ ಹೆಸರಲ್ಲ, ಕಾಯಿಲೆಯ ಹೆಸರನ್ನು ಹೇಳದಿರುವ ವಿಧಾನ. ನಾನು ಲೈನುಗಳಿಗೆ ಭೇಟಿ ಕೊಡುತ್ತಿದ್ದ ವರ್ಷಗಳಲ್ಲಿ ಆ ಎರಡು ಪದಗಳ ಹಿಂದೆ ನೋಡಿದ್ದು ಒಂದೆರಡಲ್ಲ: ಗರ್ಭ ಜಾರಿದ್ದು, ತಿಂಗಳ ರಕ್ತಸ್ರಾವ ನಿಲ್ಲದೆ ಹೋದದ್ದು, ರಕ್ತಹೀನತೆಯಿಂದ ಏಣಿ ಹತ್ತಿದರೆ ತಲೆ ಸುತ್ತುವುದು, ಭಾನುವಾರ ಸಂತೆಯಿಂದ ಕುಡಿದು ಬಂದ ಗಂಡ ಹೊಡೆದು ಮುಖ ಊದಿದ್ದು. ಸಿದ್ದಾಪುರದ ಸಂತೆ ಭಾನುವಾರ. ಸೋಮವಾರ ಕೆಲಸಕ್ಕೆ ಬಾರದ ಗಂಡಸಿನ ಮುಂದೆಯೂ ‘ಮೈ ಸರಿಯಿಲ್ಲ’, ಬಾರದ ಹೆಂಗಸಿನ ಮುಂದೆಯೂ ‘ಮೈ ಸರಿಯಿಲ್ಲ’ ಎಂದೇ ಬರೆದಿರುತ್ತದೆ. ಕುಡಿದವನಿಗೂ ಪೆಟ್ಟು ತಿಂದವಳಿಗೂ ಒಂದೇ ಷರಾ. ಮೇಸ್ತ್ರಿಯ ಮುಂದೆ, ಹದಿನೈದು ಗಂಡಸರು ಕೇಳಿಸಿಕೊಳ್ಳುವ ಕಣದಲ್ಲಿ, ಇದಕ್ಕಿಂತ ಹೆಚ್ಚು ಹೇಳಲು ಯಾವ ಹೆಂಗಸಿಗೆ ಬಾಯಿ ಬರುತ್ತದೆ?

ಕಚೇರಿಯ ಗುಮಾಸ್ತ, ಮಡಿಕೇರಿ

ದಾದಿ ಅಕ್ಕನವರ ಮಾತು ಸರ್ಕಾರಿ ಕಚೇರಿಗೂ ಅನ್ವಯಿಸುತ್ತದೆ. ನಮ್ಮ ಸಾಂದರ್ಭಿಕ ರಜೆಯ ಅರ್ಜಿಯಲ್ಲಿ ನಾನು ಸೇರಿದ ದಿನದಿಂದ ಇಂದಿನವರೆಗೆ ಒಂದೇ ವಾಕ್ಯ ಓಡಾಡುತ್ತಿದೆ: ‘ಸ್ವಂತ ಕೆಲಸದ ನಿಮಿತ್ತ’. ಸುಗ್ಗಿ ಹಬ್ಬವಾದ ಪುತ್ತರಿಗೆ ಕದಿರು ತರಲು ಹೋಗುವುದೂ ಸ್ವಂತ ಕೆಲಸ, ಕೈಲ್‌ಪೊಳ್ದು ಹಬ್ಬದ ಮಾರನೆಯ ದಿನದ ಆಲಸ್ಯವೂ ಸ್ವಂತ ಕೆಲಸ. 1997ರಲ್ಲಿ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ ಆರಂಭವಾದ ಮೇಲೆ ಏಪ್ರಿಲ್, ಮೇ ತಿಂಗಳ ಸ್ವಂತ ಕೆಲಸಗಳು ಎಷ್ಟು ಹೆಚ್ಚಿದವು ಎಂಬುದನ್ನು ರಜೆ ರಿಜಿಸ್ಟರ್ ನೋಡುವವನಾಗಿ ನಾನು ಬಲ್ಲೆ. ತನ್ನ ಕುಟುಂಬದ ತಂಡ ಸೋತ ಮರುದಿನವೇ ಹಾಜರಾದ ಒಬ್ಬರನ್ನು ನಾವು ಕೆಣಕಲು ಹೋಗಲಿಲ್ಲ. 2019ರಲ್ಲಿ ನಾಲ್ಕನೇ ಶನಿವಾರವೂ ರಜೆಯಾಗಿ, ಸಾಂದರ್ಭಿಕ ರಜೆ 15ರಿಂದ 10ಕ್ಕೆ ಇಳಿದಾಗಲೂ ಆ ವಾಕ್ಯ ಹಾಗೆಯೇ ಉಳಿಯಿತು.

ಒಂದು ವಿಷಯದಲ್ಲಿ ಮಾತ್ರ ಸ್ಪಷ್ಟತೆ ಬೇಕು. ಕಾರ್ಮಿಕ ಅಂಕಿಅಂಶಗಳ ಲೆಕ್ಕದಲ್ಲಿ ಗೈರು ಎಂದರೆ, ಕೆಲಸ ಇದ್ದು, ಬರಬೇಕಾದವನು ಬಾರದಿರುವುದು. ಬರಬೇಕಾಗಿದ್ದ ಒಟ್ಟು ದಿನಗಳಲ್ಲಿ ಬಾರದ ದಿನಗಳು ನೂರಕ್ಕೆ ಎಷ್ಟು ಎಂದು ತೆಗೆಯುತ್ತಾರೆ. ಮುಷ್ಕರ, ಬೀಗಮುದ್ರೆ, ಲೇ-ಆಫ್ ದಿನಗಳನ್ನು ಅದರಲ್ಲಿ ಸೇರಿಸುವುದಿಲ್ಲ. ಹಾಗಿದ್ದರೆ ರೈಟರ್ ಅವರು 2012ರಲ್ಲಿ ‘ಆನೆ’ ಎಂದು ಬರೆದದ್ದು ಗೈರು ಹೇಗಾಗುತ್ತದೆ? ತೋಟದೊಳಗೆ ಆನೆ ನಿಂತಿದ್ದರೆ ಕೆಲಸವೇ ಇಲ್ಲ ಎಂದಂತಲ್ಲವೇ?

ಕಾಡಂಚಿನ ನಿವಾಸಿ, ಮಾಲ್ದಾರೆ

ಗುಮಾಸ್ತರೇ, ಆನೆ ಇರುವ ದಿನ ಕೆಲಸ ಇದೆಯೋ ಇಲ್ಲವೋ ಎಂದು ಹೇಳುವವರು ಯಾರು ಎಂಬುದರಲ್ಲೇ ಎಲ್ಲವೂ ಅಡಗಿದೆ. ದೊಡ್ಡ ತೋಟಗಳಲ್ಲಿ ಈಗ ಅರಣ್ಯ ಇಲಾಖೆಯವರ ಸಂದೇಶ ಮೊಬೈಲಿಗೆ ಬರುತ್ತದೆ, ಆ ಬ್ಲಾಕಿನ ಕೆಲಸ ನಿಲ್ಲಿಸಿ ಬೇರೆ ಕಡೆ ಕಳಿಸುತ್ತಾರೆ, ಹಾಜರಿ ಉಳಿಯುತ್ತದೆ. ಸಣ್ಣ ತೋಟಗಳಲ್ಲಿ ಹಾಗಲ್ಲ. ಬೆಳಿಗ್ಗೆ ಏಳೂವರೆಗೆ ಮಂಜು ಇಳಿದಿರುತ್ತದೆ, ಹತ್ತು ಮಾರು ಆಚೆ ಕಾಫಿ ಗಿಡ ಯಾವುದು, ಆನೆಯ ಬೆನ್ನು ಯಾವುದು ಗೊತ್ತಾಗುವುದಿಲ್ಲ. ರಾತ್ರಿ ಹಲಸಿನ ಮರದ ಬುಡದಲ್ಲಿ ಸದ್ದು ಕೇಳಿದ ಹೆಂಗಸು ಬೆಳಿಗ್ಗೆ ಹೊರಡುವುದಿಲ್ಲ. ಮಾಲೀಕರು ಪಟಾಕಿ ಹೊಡೆಸಿದ್ದೇವೆ, ಆನೆ ಹೋಯಿತು, ಬನ್ನಿ ಎನ್ನುತ್ತಾರೆ. ಹೋಗಿದೆ ಎಂಬುದು ಅವರ ಮಾತು, ಇದೆ ಎಂಬುದು ಅವಳ ಭಯ. ಪುಸ್ತಕದಲ್ಲಿ ಅವರ ಮಾತಿಗೆ ಬೆಲೆ, ಹಾಗಾಗಿ ಅವಳು ಗೈರು.

ನಮ್ಮ ಕಡೆ ತೋಟದ ಕೆಲಸಕ್ಕೆ ಹೊರಟವರನ್ನು, ಕೆಲಸ ಮುಗಿಸಿ ನಡೆದು ಬರುವವರನ್ನು ಆನೆ ತುಳಿದು ಕೊಂದ ಘಟನೆಗಳು ಬಹಳ ನಡೆದಿವೆ. 2023ರ ಫೆಬ್ರವರಿಯಲ್ಲಿ ಕುಟ್ಟದ ಬಳಿ ಹುಲಿಯ ದಾಳಿಗೆ ಇಬ್ಬರು ಬಲಿಯಾದಾಗ ಕೊಯ್ಲು ಭರದಲ್ಲಿತ್ತು. ದಕ್ಷಿಣ ಕೊಡಗಿನ ತೋಟಗಳಿಗೆ ಜನ ಹೋಗಲು ಹೆದರಿದರು. ಕಿಲೋ ಲೆಕ್ಕದ ಆಸೆಯಿದ್ದರೂ ಹೋಗಲಿಲ್ಲ ಎಂಬುದನ್ನು ಪೊನ್ನಂಪೇಟೆಯ ಬೆಳೆಗಾರ ಅಣ್ಣನವರು ಗಮನಿಸಬೇಕು.

ನನ್ನ ಅಜ್ಜನ ಕಾಲದಲ್ಲಿಯೂ ಆನೆ ಇತ್ತು. ಆದರೆ ಅದು ಕಾಡಿನಿಂದ ಬಂದು ಗದ್ದೆಯ ಭತ್ತ ತಿಂದು ಹೋಗುತ್ತಿತ್ತು. ಈಗ ತೋಟದೊಳಗೇ ಮರಿ ಹಾಕಿ, ತೋಟದ ಕೆರೆಯಲ್ಲಿಯೇ ನೀರು ಕುಡಿದು ಬೆಳೆದ ಆನೆಗಳಿವೆ.

ಮೂರೆಕರೆ ಬೆಳೆಗಾರ, ಪೊನ್ನಂಪೇಟೆ

ಒಪ್ಪಿದೆ. ಆ ವಾರ ನಾನೇ ತೋಟಕ್ಕೆ ಹೋಗಲಿಲ್ಲ. ನನಗೆ ಷರಾ ಬರೆಯುವವರು ಯಾರೂ ಇಲ್ಲ ಅಷ್ಟೇ.

ಮಂಜಿನೂರಿನ ಉದ್ಯೋಗಿ, ಸೋಮವಾರಪೇಟೆ

ಚರ್ಚೆ ತೋಟದ ಸುತ್ತಲೇ ನಡೆದಿದೆ, ನಾನು ಕಂಪ್ಯೂಟರ್ ಮುಂದೆ ಕೂರುವವನು. 2020ರ ಮಾರ್ಚ್ 25ರಂದು ಲಾಕ್‌ಡೌನ್ ಆದಾಗ ಬೆಂಗಳೂರಿನಿಂದ ಮನೆಗೆ ಬಂದು, ಈಗಲೂ ವಾರದಲ್ಲಿ ಮೂರು ದಿನ ಇಲ್ಲಿಂದಲೇ ಕೆಲಸ ಮಾಡುತ್ತೇನೆ. ನಮ್ಮಲ್ಲಿ ಕಾರಣಗಳು ತಲೆಕೆಳಗಾಗಿವೆ. ಬೆಂಗಳೂರಿನಲ್ಲಿದ್ದಾಗ ಜ್ವರ ಬಂದರೆ ಕಚೇರಿಗೆ ಹೋಗುತ್ತಿರಲಿಲ್ಲ. ಇಲ್ಲಿ ಜ್ವರ ಬಂದರೂ ಹೊದ್ದುಕೊಂಡು ಲ್ಯಾಪ್‌ಟಾಪ್ ತೆರೆಯುತ್ತೇನೆ, ಮನೆಯಲ್ಲೇ ಇದ್ದೀಯಲ್ಲ ಎಂಬ ಮಾತು ಕೇಳಬಾರದೆಂದು. ನನ್ನ ಗೈರಿಗೆ ಇರುವ ಕಾರಣ ಎರಡೇ, ಕರೆಂಟು ಮತ್ತು ನೆಟ್‌ವರ್ಕ್. ಜುಲೈನಲ್ಲಿ ಮರ ಬಿದ್ದು ತಂತಿ ಹರಿದರೆ ಮೂರು ದಿನ ಕರೆಂಟಿಲ್ಲ. ಕರೆಂಟಿಲ್ಲದಿದ್ದರೆ ಟವರಿನ ಬ್ಯಾಟರಿ ಸಂಜೆಯೊಳಗೆ ಮುಗಿಯುತ್ತದೆ. ಗುಡ್ಡದ ಮೇಲಿನ ನೀರಿನ ಟ್ಯಾಂಕಿನ ಬಳಿ ಕೊಡೆ ಹಿಡಿದು ನಿಂತರೆ ಎರಡು ಗೆರೆ ಸಿಗ್ನಲ್ ಸಿಗುತ್ತದೆ, ಅಲ್ಲಿಂದ ‘ಇಂದು ಲಭ್ಯವಿಲ್ಲ’ ಎಂದು ಕಳಿಸಿ ಇಳಿದು ಬರುತ್ತೇನೆ. ನೋಯ್ಡಾದಲ್ಲಿರುವ ನನ್ನ ಮೇಲಧಿಕಾರಿಗೆ ಇದು ಮೊದಲ ವರ್ಷ ನೆಪವಾಗಿ ಕಂಡಿತು. ಮಳೆಯ ವಿಡಿಯೊ ಕಳಿಸಿದ ಮೇಲೆ, ಎಷ್ಟು ಸುಂದರ ಊರು ಎಂದರು.

ಲೈನ್‌ಮನೆಯ ಮಗಳು, ಕುಶಾಲನಗರ

ನಾನು ಹುಟ್ಟಿ ಬೆಳೆದದ್ದು ಸಿದ್ದಾಪುರದ ಕಡೆಯ ಒಂದು ತೋಟದ ಲೈನಿನಲ್ಲಿ. ಈಗ ಮಡಿಕೇರಿಯ ಹತ್ತಿರದ ಒಂದು ರೆಸಾರ್ಟಿನಲ್ಲಿ ಸಿಬ್ಬಂದಿ ವಿಭಾಗದಲ್ಲಿದ್ದೇನೆ, ಅಂದರೆ ರಜೆಯ ಅರ್ಜಿಗಳು ನನ್ನ ಬಳಿಗೇ ಬರುತ್ತವೆ. ತಾಯಿ ಕೊಡುತ್ತಿದ್ದ ಕಾರಣಗಳನ್ನು ಆಗ ಕೇಳಿದ್ದೇನೆ, ಈಗ ಬೇರೆಯವರು ಕೊಡುವ ಕಾರಣಗಳನ್ನು ಓದುತ್ತೇನೆ.

ನಮ್ಮ ಉದ್ಯಮದ ತೊಂದರೆ ಏನೆಂದರೆ, ಎಲ್ಲರಿಗೂ ರಜೆ ಇರುವ ದಿನವೇ ನಮಗೆ ಕೆಲಸ ಜಾಸ್ತಿ. ಶನಿವಾರ, ಭಾನುವಾರ, ದಸರಾ, ವರ್ಷಾಂತ್ಯ, ಇವು ಅತಿಥಿಗಳು ತುಂಬುವ ದಿನಗಳು. ನಂಟರ ಮದುವೆಗಳೂ ಆ ದಿನಗಳಲ್ಲೇ ಇರುತ್ತವೆ. ಆದ್ದರಿಂದ ಮದುವೆಗೆ ರಜೆ ಕೇಳಿದರೆ ಸಿಗುವುದಿಲ್ಲ ಎಂದು ತಿಳಿದ ಹುಡುಗರು ಭಾನುವಾರ ಬೆಳಿಗ್ಗೆ ವಾಂತಿ ಭೇದಿ ಎಂದು ಸಂದೇಶ ಕಳಿಸುತ್ತಾರೆ. ಸುಳ್ಳೆಂದು ಗೊತ್ತಿದ್ದೂ ನಾನು ‘ಅನಾರೋಗ್ಯ’ ಎಂದು ನಮೂದಿಸುತ್ತೇನೆ, ಏಕೆಂದರೆ ನಮ್ಮ ತಂತ್ರಾಂಶದ ಪಟ್ಟಿಯಲ್ಲಿ ‘ಮದುವೆಗೆ ರಜೆ ಕೊಡಲಿಲ್ಲ’ ಎಂಬ ಆಯ್ಕೆ ಇಲ್ಲ.

ಕೊರೊನಾ ಒಂದು ನಿಜವಾದ ಬದಲಾವಣೆ ತಂದಿತು. ಮೊದಲು ನೆಗಡಿ, ಕೆಮ್ಮು ಎಂದು ಮನೆಯಲ್ಲಿ ಕುಳಿತವರನ್ನು ಮೈಗಳ್ಳರೆನ್ನುತ್ತಿದ್ದರು. 2020ರ ನಂತರ ಕೆಮ್ಮುತ್ತಾ ಬಂದವರನ್ನೇ ಗೇಟಿನಿಂದ ವಾಪಸು ಕಳಿಸಿದೆವು. ಈಗ ಅದು ಸಡಿಲವಾಗಿದೆ, ಆದರೂ ಕೆಮ್ಮಿದರೆ ರಜೆ ಕೇಳಬಹುದು ಎಂಬ ಧೈರ್ಯ ಉಳಿದುಕೊಂಡಿದೆ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ತಿಂಗಳಿಗೊಂದು ದಿನ ಸಂಬಳ ಸಹಿತ ಋತುಚಕ್ರ ರಜೆಗೆ ಒಪ್ಪಿದ ಮೇಲೆ ‘ತಲೆನೋವು’ ಎಂದು ಬರೆಯುತ್ತಿದ್ದ ಇಬ್ಬರು ಹುಡುಗಿಯರು ಈಗ ನೇರವಾಗಿ ಅದನ್ನೇ ಕೇಳುತ್ತಾರೆ. ಉಳಿದವರಿಗೆ ಇನ್ನೂ ಸಂಕೋಚ. ದಾದಿ ಅಮ್ಮ ಹೇಳಿದ ‘ಮೈ ಸರಿಯಿಲ್ಲ’ ಪೂರ್ತಿ ಹೋಗಿಲ್ಲ.

ರೈಟರ್ ಅವರು ‘ಸಂಘ’ ಎಂಬ ಷರಾ ಬಗ್ಗೆ ಹೆಚ್ಚು ಹೇಳಲಿಲ್ಲ. ನಾನು ಹೇಳುತ್ತೇನೆ. ಮೊದಮೊದಲು ಅದು ಸ್ವಸಹಾಯ ಸಂಘದ ವಾರದ ಸಭೆ. ತಾಯಿ ಹೆಮ್ಮೆಯಿಂದ ಹೋಗುತ್ತಿದ್ದಳು. ಆಮೇಲೆ ಖಾಸಗಿ ಸಾಲ ಕೊಡುವವರು ಬಂದರು, ಸಭೆ ಎಂದರೆ ಕಂತು ವಸೂಲಿಯಾಯಿತು. ಕಂತು ಕಟ್ಟಲು ಹಣವಿಲ್ಲದ ದಿನ, ವಸೂಲಿಯವನು ಲೈನಿಗೆ ಬರುವ ಹೊತ್ತಿಗೆ ಹೆಂಗಸರು ನಂಟರ ಮನೆಗೆ ಹೊರಟುಬಿಡುತ್ತಿದ್ದರು, ಕೆಲಸವೂ ಹೋಗುತ್ತಿತ್ತು. 2025ರ ಫೆಬ್ರವರಿಯಲ್ಲಿ ಬಲವಂತದ ವಸೂಲಿಯ ವಿರುದ್ಧ ಸರ್ಕಾರ ಸುಗ್ರೀವಾಜ್ಞೆ ತರುವ ಮಟ್ಟಿಗೆ ಅದು ರಾಜ್ಯದಾದ್ಯಂತ ಬೆಳೆದಿತ್ತು. ಸಾಲ ತೀರಿಸಲು ಕೂಲಿಗೆ ಹೋಗಬೇಕಾದವರು ಸಾಲದವನಿಗೆ ಹೆದರಿ ಕೂಲಿ ಬಿಡುತ್ತಿದ್ದರು.

ಮೇಷ್ಟ್ರು, ಸುಂಟಿಕೊಪ್ಪ

‘ಆಧಾರ್’, ‘ಬ್ಯಾಂಕ್’ ಕಾರಣಗಳ ಬಗ್ಗೆ ಯಾರೂ ಬರೆಯಲಿಲ್ಲ, ನಾನು ಚುಟುಕಾಗಿ ಮುಗಿಸುತ್ತೇನೆ. ಪಡಿತರ ಚೀಟಿಗೆ ಬೆರಳು ಕೊಡಲು ಹೋದರೆ, ಗುದ್ದಲಿ ಹಿಡಿದು ಸವೆದ ಬೆರಳಿನ ಗೆರೆ ಯಂತ್ರಕ್ಕೆ ಸಿಗುವುದಿಲ್ಲ, ಸಿಕ್ಕಿದ ದಿನ ಸರ್ವರ್ ಇರುವುದಿಲ್ಲ. ಒಂದು ಕೆಲಸಕ್ಕೆ ಮೂರು ದಿನದ ಕೂಲಿ ಹೋಗುತ್ತದೆ. ಕೂಲಿ ಕೈಗೆ ಬರುತ್ತಿದ್ದಾಗ ಬ್ಯಾಂಕಿಗೆ ಯಾರೂ ರಜೆ ಹಾಕುತ್ತಿರಲಿಲ್ಲ.

ನಾನು ಹೇಳಬೇಕೆಂದಿರುವುದು ಬೇರೆ. ಪ್ರಾಥಮಿಕ ಶಾಲೆಯಲ್ಲಿ ನನಗೆ ಇಪ್ಪತ್ತಾರು ವರ್ಷಗಳಾದವು. ಸೇರಿದ ಹೊಸದರಲ್ಲಿ ಜನವರಿ, ಫೆಬ್ರವರಿ ಬಂದರೆ ಐದನೇ ತರಗತಿಯ ಹೆಣ್ಣುಮಕ್ಕಳ ಸಾಲು ಖಾಲಿಯಾಗುತ್ತಿತ್ತು. ಅಮ್ಮ ಹಣ್ಣು ಕೊಯ್ಯಲು ಹೋದಾಗ ಪುಟ್ಟ ತಮ್ಮನನ್ನು ನೋಡಿಕೊಳ್ಳುವುದು, ಅಡುಗೆಗೆ ನೀರು ಹಿಡಿದಿಡುವುದು ಹತ್ತು ವರ್ಷದ ಅಕ್ಕನ ಪಾಲಿಗಿತ್ತು. 2010ರ ಏಪ್ರಿಲ್‌ನಿಂದ ಶಿಕ್ಷಣ ಹಕ್ಕು ಕಾಯಿದೆ ಜಾರಿಗೆ ಬಂತು, ಬಿಸಿಯೂಟ, ಸೈಕಲ್ ಅದಕ್ಕೆ ಮೊದಲೇ ಬಂದಿದ್ದವು. ಮಕ್ಕಳು ಬರದಿದ್ದರೆ ನಾವು ಮನೆಗೇ ಹೋಗಿ ಕರೆತರುತ್ತಿದ್ದೆವು. ನನ್ನ ಹಾಜರಿ ಪುಸ್ತಕ ತುಂಬಿತು, ನನಗೆ ಸಂತೋಷವಾಯಿತು. ಆದರೆ ಮಗುವಿಗೆ ಜ್ವರ ಬಂದ ದಿನ ಮನೆಯಲ್ಲಿ ಉಳಿಯುವವರು ಯಾರು? ತಾಯಿ. ಈಗ ಹೆಂಗಸರು ‘ಮಗುವಿಗೆ ಹುಷಾರಿಲ್ಲ’ ಎಂದು ಬಹಳ ತಪ್ಪಿಸುತ್ತಾರೆ, ಮೊದಲು ಹೀಗಿರಲಿಲ್ಲ ಎಂದು ಒಬ್ಬ ಬೆಳೆಗಾರರು ನನ್ನ ಬಳಿ ದೂರಿದರು. ಮೊದಲೂ ಹೀಗೆಯೇ ಇತ್ತು ಸ್ವಾಮಿ, ಆ ಗೈರು ನಿಮ್ಮ ಪುಸ್ತಕದಲ್ಲಿ ಇರಲಿಲ್ಲ, ನನ್ನ ಪುಸ್ತಕದಲ್ಲಿತ್ತು ಎಂದೆ.

ನಿವೃತ್ತ ದಾದಿ, ವಿರಾಜಪೇಟೆ

ಮೇಷ್ಟ್ರೇ, ಇದನ್ನು ಓದಿ ನಾನು ಸುಮ್ಮನೆ ಕುಳಿತುಬಿಟ್ಟೆ. ಚುಚ್ಚುಮದ್ದಿಗೆ ಮಗುವನ್ನು ಎತ್ತಿಕೊಂಡು ಬರುತ್ತಿದ್ದವರು ಬಹುಪಾಲು ಅಕ್ಕಂದಿರೇ. ಮಗುವಿನ ತೂಕ ಬರೆದುಕೊಂಡೆ, ಎತ್ತಿಕೊಂಡು ಬಂದವಳು ಯಾವ ತರಗತಿ ಎಂದು ಒಮ್ಮೆಯೂ ಕೇಳಲಿಲ್ಲ.

ಲೈನ್‌ಮನೆಯ ಮಗಳು, ಕುಶಾಲನಗರ

ನಿನ್ನೆ ರಾತ್ರಿ ಈ ಚರ್ಚೆಯನ್ನು ಅಜ್ಜಿಗೆ ಓದಿ ಹೇಳಿದೆ. ಅವಳಿಗೆ ಎಂಬತ್ತರ ಮೇಲಾಯಿತು, ಕಿವಿ ಮಂದ. ಪುಸ್ತಕದಲ್ಲಿ ಹೆಂಗಸರ ಹೆಸರಿನ ಮುಂದೆ ಸೊನ್ನೆ ಇತ್ತಂತೆ ಎಂದದ್ದು ಕೇಳಿ ನಕ್ಕಳು. ‘ಅದು ಸೊನ್ನೆ ದಿನ’ ಎಂದಳು.

ಅವಳು ಹೇಳಿದ್ದು ಇಷ್ಟು. ತೋಟದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೋಣೆ ಇರಲಿಲ್ಲ. ಐವತ್ತು ಹೆಂಗಸರಿದ್ದರೆ ಶಿಶುಪಾಲನಾ ಕೋಣೆ ಕಟ್ಟಿಸಬೇಕೆಂದು ಕಾಯಿದೆಯಲ್ಲಿ ಇದ್ದದ್ದು ಅವಳಿಗೆ ಗೊತ್ತಿಲ್ಲ, ಅದನ್ನು ನಾನು ಸೇರಿಸುತ್ತಿದ್ದೇನೆ. ಇವರು ಅಷ್ಟು ಜನ ಇರಲಿಲ್ಲ. ಆದ್ದರಿಂದ ಲೈನಿನ ಹೆಂಗಸರು ಮನೆಯ ಸಾಲಿನ ಪ್ರಕಾರ ಸರದಿ ಹಾಕಿಕೊಂಡಿದ್ದರು. ಒಬ್ಬಳು ಹಿಂದೆ ಉಳಿದು ಎಲ್ಲರ ಮಕ್ಕಳನ್ನೂ ನೋಡಿಕೊಳ್ಳುವುದು, ಗಂಜಿ ಕಾಯಿಸುವುದು. ಆಗಿನ ರೈಟರ್ ಸಾಹುಕಾರರನ್ನು ಕೇಳಿ ಅವಳಿಗೆ ಅರ್ಧ ಹಾಜರಿ ಮಾಡಿಸಿದ್ದನಂತೆ. ಉಳಿದ ಅರ್ಧಕ್ಕೆ ಮಿಕ್ಕ ಹೆಂಗಸರು ಸಂತೆ ದಿನ ಪೈಸೆ ಪೈಸೆ ಸೇರಿಸಿ ಕೊಡುತ್ತಿದ್ದರು. ಅವಳು ಕೆಲಸಕ್ಕೆ ಬಂದವಳೂ ಅಲ್ಲ, ಬಾರದವಳೂ ಅಲ್ಲ ಎಂದು ರೈಟರ್ ಸೊನ್ನೆ ಹಾಕುತ್ತಿದ್ದ. ‘ನಾಳೆ ನನ್ನ ಸೊನ್ನೆ’ ಎಂದು ಹೆಂಗಸರು ಮಾತಾಡಿಕೊಳ್ಳುತ್ತಿದ್ದರು.

ಅದು ಯಾಕೆ ನಿಂತಿತು ಎಂದು ಕೇಳಿದೆ. ಹೊಸ ರೈಟರ್ ಬಂದರು ಎಂದಳು. ಇದು ನಿಮ್ಮದೇ ತೋಟವೋ ಅಲ್ಲವೋ ನಾನು ಕೇಳುವುದಿಲ್ಲ, ನೀವೂ ಹೇಳಬೇಕಿಲ್ಲ.

ಹಳೆಯ ರೈಟರ್, ಸಿದ್ದಾಪುರ

ತಂಗೀ, ಎರಡು ದಿನ ತಡವಾಗಿ ಉತ್ತರಿಸುತ್ತಿದ್ದೇನೆ, ಕ್ಷಮಿಸಬೇಕು. ನನ್ನ ಬಳಿಯಿರುವ ಹನ್ನೊಂದರಲ್ಲಿ 1984ರ ಪುಸ್ತಕವೂ ಒಂದು. ಅದನ್ನು ನಾನು ಈವರೆಗೆ ಜುಲೈನಿಂದ ಮಾತ್ರ ಓದಿದ್ದೆ, ನನ್ನ ಬರಹ ಅಲ್ಲಿಂದ ಶುರುವಾಗುವುದರಿಂದ. ಮೊನ್ನೆ ಹಿಂದಿನ ಹಾಳೆಗಳನ್ನು ತೆರೆದೆ.

ನಿಮ್ಮ ಅಜ್ಜಿ ಹೇಳಿದಂತೆಯೇ ಇದೆ. ಸೊನ್ನೆಗಳು ಹೆಸರಿನಿಂದ ಹೆಸರಿಗೆ ಓರೆಯಾಗಿ ಇಳಿಯುತ್ತವೆ, ಹನ್ನೆರಡನೆಯ ಹೆಸರು ಮುಗಿದ ಮೇಲೆ ಮತ್ತೆ ಮೇಲಿನಿಂದ ಆರಂಭವಾಗುತ್ತವೆ. ಜನವರಿ, ಫೆಬ್ರವರಿಯಲ್ಲಿ ಒಂದೂ ಸೊನ್ನೆ ಇಲ್ಲ. ಮೇಷ್ಟ್ರು ಹೇಳಿದ ತಿಂಗಳುಗಳವು, ಆಗ ಮಕ್ಕಳನ್ನು ನೋಡಿಕೊಂಡದ್ದು ಯಾರೆಂದು ಈಗ ಗೊತ್ತಾಯಿತು. ಜೂನ್ 30ರಂದು ಕೊನೆಯ ಸೊನ್ನೆ, ಐದನೆಯ ಹೆಸರಿನ ಮುಂದೆ.

ಜುಲೈನಲ್ಲಿ ನಾನು ಬಂದೆ. ಇಪ್ಪತ್ಮೂರು ವಯಸ್ಸು, ಪುಸ್ತಕ ಚೊಕ್ಕಟವಾಗಿರಬೇಕೆಂಬ ಹಟ. ಕಣದಲ್ಲಿ ಮೇಸ್ತ್ರಿ ಏನೋ ಹೇಳಿದ, ಬಂದಿದ್ದರೆ ಗೀಟು, ಬರದಿದ್ದರೆ ಗೈರು, ನಡುವೆ ಇನ್ನೊಂದು ಇಲ್ಲ ಎಂದು ನಾನು ಹೇಳಿದ ನೆನಪು ಮಸುಕಾಗಿ ಇದೆ. ಜುಲೈ 2ನೇ ತಾರೀಕು ಆರನೆಯ ಹೆಸರಿನ ಮುಂದೆ ನನ್ನ ಅಕ್ಷರದಲ್ಲಿ ‘ಗೈ’ ಎಂದಿದೆ. 3ರಂದು ಏಳನೆಯ ಹೆಸರು, 4ರಂದು ಎಂಟನೆಯದು. ಹನ್ನೆರಡು ಮುಗಿದು ಮತ್ತೆ ಒಂದರಿಂದ. ಆಗಸ್ಟ್ ಮಧ್ಯದವರೆಗೂ ಅದೇ ಸರದಿಯಲ್ಲಿ, ಒಂದು ದಿನವೂ ತಪ್ಪದೆ, ಓರೆಯಾಗಿ ಇಳಿಯುತ್ತಾ ಹೋಗಿದೆ. ಷರಾ ಕಾಲಮ್ಮಿನಲ್ಲಿ ಅಷ್ಟೂ ಹೆಸರುಗಳ ಮುಂದೆ ನಾನು ‘ಮೈ ಸರಿಯಿಲ್ಲ’ ಎಂದು ಬರೆದಿದ್ದೇನೆ.